ನೀರಿನ ಲೆಕ್ಕ ಹೇಳಿಕೊಟ್ಟ ನರ್ಸಮ್ಮ

ಓ.ಆರ್.ಎಸ್. ಪೊಟ್ಟಣ ಕತ್ತರಿಸಿದಾಗ ಒಂದು ವಾಸನೆ ಬರುತ್ತದೆ. ಕಿತ್ತಳೆ ಎಂದು ಮೇಲೆ ಅಚ್ಚು ಹಾಕಿರುತ್ತಾರೆ. ಯಾವ ಕಿತ್ತಳೆ ಹಣ್ಣೂ ಆ ಸಂಬಂಧವನ್ನು ಒಪ್ಪಿಕೊಳ್ಳಲಾರದು. ಹೋದ ತಿಂಗಳು, ಮಂಡಿನೋವಿಗೆಂದು ಡಾಕ್ಟರು ವಿಧಿಸಿದ ಸೈಕಲ್ ಸವಾರಿ ಮುಗಿಸಿ ಕಡೂರಿನ ಮನೆಗೆ ಬಂದವನು ತಲೆ ಸುತ್ತಿ ಮೆಟ್ಟಿಲ ಮೇಲೆಯೇ ಕೂತೆ. ನಿವೃತ್ತ ಮುಖ್ಯೋಪಾಧ್ಯಾಯನೊಬ್ಬ ಬೀರೂರು ರಸ್ತೆಯಲ್ಲಿ ಒಂದೂವರೆ ಗಂಟೆ, ಹನಿ ನೀರಿಲ್ಲದೆ ಸೈಕಲ್ ತುಳಿದದ್ದನ್ನು ನನ್ನ ಹೆಂಡತಿ ಸಾಹಸವೆಂದು ಪರಿಗಣಿಸಲಿಲ್ಲ. ಪೊಟ್ಟಣ ಕತ್ತರಿಸಿ ನೀರಿಗೆ ಸುರಿದಳು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನರ್ಸಮ್ಮ ಎದುರಿಗೆ ಬಂದು ನಿಂತಂತಾಯಿತು...

ಸರ್ಕಾರದ ಕಾಗದದಲ್ಲಿ ಅವರು ಕಿರಿಯ ಆರೋಗ್ಯ ಸಹಾಯಕಿ. ಹದಿನೈದು ವರ್ಷಗಳ ಹಿಂದೆ ಅಜ್ಜಂಪುರದಿಂದ ಬುಕ್ಕಾಂಬುಧಿ ಕಡೆಯ ಹಳ್ಳಿಗಳಿಗೆ, ಲಸಿಕೆ ಡಬ್ಬಿಯನ್ನು ಕ್ಯಾರಿಯರ್‌ಗೆ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬರುತ್ತಿದ್ದರು. ಡಬ್ಬಿಯೊಳಗೆ ಮಂಜುಗಡ್ಡೆ, ಹೊರಗೆ ಏಪ್ರಿಲ್ ತಿಂಗಳು. ಆ ಹಳ್ಳಿಗಳಲ್ಲೊಂದರಲ್ಲಿ ನಾನು ಮುಖ್ಯೋಪಾಧ್ಯಾಯನಾಗಿದ್ದೆ. ಹೆಸರು ಬೇಡ, ತಪ್ಪು ಊರಿನದಲ್ಲ.

ನಮ್ಮ ಎಂಟನೇ ತರಗತಿಗೆ ಸರ್ಕಾರದ ಸೈಕಲ್ ಬಂದ ವರ್ಷ, ದೂರದಿಂದ ತುಳಿದು ಬರುತ್ತಿದ್ದ ಹುಡುಗಿಯೊಬ್ಬಳು ಪ್ರಾರ್ಥನೆಯ ಹೊತ್ತಿಗೆ ಕುಸಿದಳು. ಬೆವರಿದಾಗ ನೀರು ಕುಡಿದರೆ ಎದೆ ಹಿಡಿಯುತ್ತದೆಂದು ಮನೆಯಲ್ಲಿ ಹೇಳಿದ್ದರಂತೆ. ಅದೇ ಶಾಸ್ತ್ರವನ್ನು ನಾನೂ ಬೋಧಿಸುತ್ತಿದ್ದೆ. ಅಂದು ಲಸಿಕೆಗೆಂದು ಊರಿಗೆ ಬಂದಿದ್ದ ನರ್ಸಮ್ಮ ಪೊಟ್ಟಣ ಕಲಸಿ ಕುಡಿಸಿ, ಎಲ್ಲರನ್ನೂ ಕೂರಿಸಿ ಪಾಠ ಮಾಡಿದರು. ಹೊರಡುವ ಮುಂಚೆ ಒಂದು ಲೋಟ. ದಾರಿಯಲ್ಲಿ ಕಾಲು ಗಂಟೆಗೊಮ್ಮೆ ಎರಡು ಗುಟುಕು. ಒಂದೇ ಸಲ ಚೊಂಬುಗಟ್ಟಲೆ ಸುರಿದುಕೊಳ್ಳಬಾರದು. ಬಹಳ ಬೆವರಿದ್ದರೆ ಚಿಟಿಕೆ ಉಪ್ಪು, ತುಸು ಸಕ್ಕರೆ. “ಬಾಯಾರ್ಲಿ ಅಂತ ಕಾಯ್ಬೇಡ್ರಿ ಕಣ್ರೋ. ಬಾಯಾರ್ತು ಅಂದ್ರೆ ಆಗ್ಲೇ ತಡ ಆಯ್ತು. ಉಚ್ಚೆ ಹಳದಿ ಬಂದ್ರೆ ನೀರು ಸಾಲ್ಲಿಲ್ಲ ಅಂತ್ಲೇ ಲೆಕ್ಕ” ಅಂದರು. ಮಕ್ಕಳು ನಕ್ಕರು. ನಾನು ಗಂಭೀರವಾಗಿ ಕೆಮ್ಮಿದೆ.

ಆದರೆ ಪಾಠ ಹೇಳಿದ ಅವರೇ ಕುಡಿಯುತ್ತಿರಲಿಲ್ಲ. ಮನೆಗೆ ಬಂದವರಿಗೆ ನೀರು-ಬೆಲ್ಲ ಕೊಡುವುದು ನಮ್ಮ ಕಡೆಯ ಪದ್ಧತಿ. ನರ್ಸಮ್ಮ ಬೆಲ್ಲವನ್ನು ಬಾಯಿಗೆ ಹಾಕಿಕೊಂಡು ನೀರನ್ನು ತುಟಿಗೆ ಸೋಕಿಸಿ ಕೆಳಗಿಡುತ್ತಿದ್ದರು. ಊರಿನವರು ಅದಕ್ಕೆ ಎರಡು ಅರ್ಥ ಕಟ್ಟಿದರು: ಒಂದು ಜಂಬ, ಇನ್ನೊಂದು ಜಾತಿ. ಮೂರನೆಯದೊಂದು ಇರಬಹುದೆಂದು ಯಾರಿಗೂ ಹೊಳೆಯಲಿಲ್ಲ, ಊರಿನ ಏಕೈಕ ಪದವೀಧರನಾದ ನನಗೂ.

ನಮ್ಮ ಶಾಲೆಯಲ್ಲಿ ಒಂದು ಶೌಚಾಲಯವಿತ್ತು. ಮಕ್ಕಳದ್ದಲ್ಲ, ಅದಕ್ಕೆ ಬಾಗಿಲು ಹೋಗಿ ಎಷ್ಟೋ ಕಾಲವಾಗಿತ್ತು. ನಾನು ಹೇಳುತ್ತಿರುವುದು ಬಿಳಿ ಟೈಲ್ಸ್ ಹಾಕಿಸಿದ ಹೊಸದನ್ನು. ಮೇಲಧಿಕಾರಿಗಳು ಬಂದರೆ ಇರಲಿ ಎಂದು ಬೀಗ ಹಾಕಿ, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದೆ. ವರ್ಷಕ್ಕೊಮ್ಮೆ ಬರುತ್ತಿದ್ದ ಅಧಿಕಾರಿಗಳೂ ಅದನ್ನು ಹೊರಗಿನಿಂದಲೇ ನೋಡಿ ಮೆಚ್ಚಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ನರ್ಸಮ್ಮ ಆಫೀಸು ಕೋಣೆಯ ಬಾಗಿಲಲ್ಲಿ ನಿಂತು, ತಗ್ಗಿದ ದನಿಯಲ್ಲಿ ಆ ಬೀಗದ ಕೈ ಕೊಡುತ್ತೀರಾ ಎಂದು ಕೇಳಿದರು. ಸಹೋದ್ಯೋಗಿಗಳಿಬ್ಬರು, ಇಬ್ಬರೂ ಗಂಡಸರು, ಎದುರಿಗೇ ಇದ್ದರು. ನಾನು ಕನ್ನಡಕ ತೆಗೆದು ಒರೆಸಿ, “ನರ್ಸಮ್ಮ, ಅದು ಸರ್ಕಾರಿ ಆಸ್ತಿ. ಉದ್ದೇಶ ನಮೂದಿಸಿ ಒಂದು ಅರ್ಜಿ ಕೊಡಿ, ಪರಿಶೀಲಿಸೋಣ” ಅಂದೆ. ಇಬ್ಬರೂ ಬಿದ್ದು ಬಿದ್ದು ನಕ್ಕರು. ನನ್ನ ಕೈ ಆಗಲೇ ಉಡಿದಾರಕ್ಕೆ ಹೋಗಿತ್ತು, ಇದನ್ನು ಯಾರೂ ನಂಬಬೇಕಾಗಿಲ್ಲ. ನರ್ಸಮ್ಮನೂ ನಕ್ಕಂತೆ ಮಾಡಿ, ಅಂಥ ಅವಸರವೇನಿಲ್ಲ ಬಿಡಿ ಎಂದು ಸೈಕಲ್ ಹತ್ತಿ ಹೊರಟುಬಿಟ್ಟರು. ಮತ್ತೆಂದೂ ಕೇಳಲಿಲ್ಲ. ಆ ಹಾಸ್ಯವನ್ನು ನಾನು ಆಮೇಲೆ ಎರಡು ಮದುವೆ ಮನೆಗಳಲ್ಲಿ ಹೇಳಿ ನಗಿಸಿದ್ದೇನೆ.

ಕೆಲವು ವರ್ಷ ಕಳೆದ ಮೇಲೆ ಅವರು ಬರುವುದು ನಿಂತಿತು. ಮೊದಲು ಮೂತ್ರಪಿಂಡದಲ್ಲಿ ಕಲ್ಲು ಅಂದರು, ಆಮೇಲೆ ಸೋಂಕು, ಮತ್ತೆ ಕಲ್ಲು... ಕೊನೆಗೆ ಎರಡೂ ಮೂತ್ರಪಿಂಡ ಕೆಟ್ಟು ವಾರಕ್ಕೆರಡು ಸಲ ಡಯಾಲಿಸಿಸ್ ಅಂತ ತಿಳಿಯಿತು. ತರೀಕೆರೆಯಲ್ಲಿ ಅಕ್ಕನ ಮನೆಯಲ್ಲಿದ್ದರು. ನೋಡಲು ಹೋದೆ.

ಮುಖ ಊದಿತ್ತು. ತುಟಿ ಒಣಗಿ ಬಿರಿದಿತ್ತು. ಪಕ್ಕದಲ್ಲೊಂದು ಬಾಟಲಿ, ಅದರ ಮೇಲೆ ಪೆನ್ನಿನ ಗೀಟು. ದಿನಕ್ಕೆ ಆ ಗೀಟಿನವರೆಗೆ ಮಾತ್ರ ನೀರು. ಹೆಚ್ಚು ಕುಡಿದರೆ ಮೈಯಲ್ಲೇ ನಿಂತು ಉಸಿರು ಕಟ್ಟುತ್ತದಂತೆ. ಅಕ್ಕ ನನಗೆ ಬೆಲ್ಲದ ಜೊತೆ ಚೊಂಬು ತುಂಬ ನೀರು ತಂದಿಟ್ಟರು. ನಾನು ಮುಟ್ಟದೆ ಕೂತದ್ದನ್ನು ನರ್ಸಮ್ಮ ನೋಡಿದರು.

“ಕುಡೀರಿ ಮೇಷ್ಟ್ರೇ, ಬಿಸ್ಲಲ್ಲಿ ಬಂದಿದೀರಿ.”

ಕುಡಿದೆ. ಅವರ ಕಣ್ಣು ನನ್ನ ಗಂಟಲ ಮೇಲಿತ್ತು. ಊರಿಗೆಲ್ಲ ಲೆಕ್ಕ ಹೇಳಿಕೊಟ್ಟು ನೀವೇ ಯಾಕೆ ಕುಡಿಯಲಿಲ್ಲ ಎಂದು ಕೇಳುವಷ್ಟು ಬುದ್ಧಿವಂತ ನಾನು. ಕೇಳಿಯೇಬಿಟ್ಟೆ.

“ಕುಡ್ದು ಎಲ್ಲಿಗ್ ಹೋಗ್ಲಿ? ಬೆಳಿಗ್ಗೆ ಮನೇಲ್ ಹೋದ್ರೆ ಮತ್ತೆ ಸಂಜೇಗೇ. ಗಂಡಸ್ರಿಗಾದ್ರೆ ಮರ ಐತೆ, ಮೋರಿ ಐತೆ...” ಅಂದರು. ನಾನು ತಲೆ ತಗ್ಗಿಸಿದೆ. ಆಮೇಲೆ, ಒಂದಿಷ್ಟೂ ಕೋಪವಿಲ್ಲದೆ, ನನ್ನದೇ ಗಾಂಭೀರ್ಯವನ್ನು ಮುಖಕ್ಕೆ ತಂದುಕೊಂಡು ಹೇಳಿದರು: “ಚೊಂಬು ನೀರು ಕುಡ್ದಿದೀರಿ. ಬಚ್ಚಲು ಹಿಂದ್ಗಡೆ ಐತೆ. ಅರ್ಜಿ ಏನ್ ಬೇಡ.”

ಮಾರನೆಯ ದಿನ ಶಾಲೆಯ ಆ ಶೌಚಾಲಯದ ಬೀಗ ತೆಗೆದೆ. ಅದಕ್ಕೆ ಯಾವ ಮೇಲಧಿಕಾರಿಯ ಅನುಮತಿಯೂ ಬೇಕಾಗಲಿಲ್ಲ. ಆ ಮಳೆಗಾಲ ಮುಗಿಯುವುದರೊಳಗೆ ನರ್ಸಮ್ಮ ತೀರಿಕೊಂಡರು. ಅವರ ಕಾಯಿಲೆಗೆ ಡಾಕ್ಟರ ಬಳಿ ಹಲವು ಕಾರಣಗಳಿದ್ದವು. ಅವುಗಳಲ್ಲಿ ನನ್ನದು ಎಷ್ಟನೆಯದೆಂದು ನಾನು ಯಾರನ್ನೂ ಕೇಳಿಲ್ಲ.

ಈಗ ಅವರು ಹೇಳಿಕೊಟ್ಟ ಲೆಕ್ಕದಲ್ಲೇ ಸೈಕಲ್ ತುಳಿಯುತ್ತೇನೆ. ಹೊರಡುವ ಮುಂಚೆ ಒಂದು ಲೋಟ, ಕಾಲು ಗಂಟೆಗೆ ಎರಡು ಗುಟುಕು. ಮೊನ್ನೆ ಬೀರೂರು ರಸ್ತೆಯಲ್ಲಿ ಸ್ಕೂಟಿ ನಿಲ್ಲಿಸಿಕೊಂಡು ಯುವತಿಯೊಬ್ಬಳು ಬೆವರು ಒರೆಸಿಕೊಳ್ಳುತ್ತಿದ್ದಳು. ಹಿಂದೆ ಲಸಿಕೆ ಡಬ್ಬಿ. ನನ್ನ ನೀರು ಕೊಟ್ಟೆ. ಒಂದು ಗುಟುಕು ಬಾಯಿಗೆ ಹಾಕಿಕೊಂಡು, ಮುಕ್ಕಳಿಸಿ, ಪಕ್ಕಕ್ಕೆ ಉಗುಳಿ ವಾಪಸ್ಸು ಕೊಟ್ಟಳು. ಇನ್ನೂ ಮೂರು ಊರಿದೆ ಸಾರ್ ಅಂದಳು.

ಕುಡಿಯಮ್ಮ ಎನ್ನಬಹುದಿತ್ತು. ಎಲ್ಲಿಗೆ ಹೋಗಲಿ ಎಂದು ಇವಳೂ ಕೇಳಿದ್ದರೆ... ಸೈಕಲ್ ಹತ್ತಿದೆ.