ಕಂಪ್ಯೂಟರಿಗೆ ಹೊದಿಸಿದ ವೆಲ್ವೆಟ್ಟು

ಮೊನ್ನೆ ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟುಕೊಂಡು ಏನೋ ಟೈಪು ಮಾಡುತ್ತಿದ್ದೆ. ಸ್ವಲ್ಪ ಹೊತ್ತಿಗೆ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಬಂತು. ಹೆಂಡತಿ ಬಂದು ಅದನ್ನೆತ್ತಿ ಮಣೆಯ ಮೇಲಿಟ್ಟಳು. "ಹಾಸಿಗೆ ಮೇಲೆ ಇಡ್ಬೇಡಿ ಕಣ್ರೀ. ಅದಕ್ಕೂ ಗಾಳಿ ಬೇಡ್ವಾ?" ಅಂದಳು. ಸಾಮಾನ್ಯ ಮಾತು. ಆದರೆ ನನಗೆ ತಲೆ ಎತ್ತಲಾಗಲಿಲ್ಲ. ಇದೇ ಮಾತನ್ನು ಇಪ್ಪತ್ತು ವರ್ಷದ ಹಿಂದೆ ಇನ್ನೊಬ್ಬರು ಹೇಳಿದ್ದರು. ಹೇಳಿದ ದಿನವೇ ಅವರನ್ನು ಕೆಲಸದಿಂದ ಬಿಡಿಸಿದ್ದೆ.

ಆಗ ತಿಪಟೂರಿನಲ್ಲಿ ನನ್ನದೊಂದು ವಿಡಿಯೊ ಮಿಕ್ಸಿಂಗ್ ಅಂಗಡಿ ಇತ್ತು. ಸುತ್ತಲಿನ ಮದುವೆಗಳ ಕ್ಯಾಸೆಟ್ಟುಗಳೆಲ್ಲ ನನ್ನಲ್ಲಿಗೆ ಬರುತ್ತಿದ್ದವು. ಗುಲಾಬಿ ಅರಳಿ ಅದರೊಳಗಿಂದ ಮದುಮಗಳು ಎದ್ದು ಬರುವಂತೆ ಮಾಡುವುದು, ಮದುಮಗನನ್ನು ಸ್ವಿಟ್ಜರ್ಲೆಂಡಿನ ಹಿಮದ ಮೇಲೆ ನಿಲ್ಲಿಸುವುದು, ಇಂಥವು ನನ್ನ ಘನಕಾರ್ಯಗಳು. ನಾನೊಬ್ಬ ಕಲಾವಿದನೆಂದೇ ನಂಬಿದ್ದೆ. ನಗಬೇಡಿ, ಊರೂ ನಂಬಿತ್ತು. ಹಗಲೆಲ್ಲ ನಾನು ಕತ್ತರಿಸಿ ಇಟ್ಟ ತುಣುಕುಗಳನ್ನು ಕಂಪ್ಯೂಟರು ರಾತ್ರಿಯಿಡೀ ಒಂದೇ ಸಮನೆ ಬೆಸೆಯಬೇಕಿತ್ತು. ಸಂಜೆ ಕೆಲಸಕ್ಕೆ ಹಚ್ಚಿ ಬೀಗ ಹಾಕಿಕೊಂಡು ಹೋದರೆ ಬೆಳಿಗ್ಗೆ ಮದುವೆ ಸಿದ್ಧ.

ಅಂಗಡಿಯ ಮೇಲೆ ಮಾಲೀಕರ ಅಟ್ಟ, ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ. ನಮ್ಮ ಕಡೆ ಕಾಯಿಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಹಾಗೇ ಬಿಡುತ್ತಾರೆ, ಒಳಗೊಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಗಾಳಿಯಾಡಲೆಂದು ಅಟ್ಟದ ದಬ್ಬೆಗಳ ನಡುವೆ ಬೆರಳು ತೂರುವಷ್ಟು ಸಂದು ಇರುತ್ತದೆ. ಆ ಸಂದಿನಿಂದ ನಾರಿನ ಪುಡಿ ನನ್ನ ಕಂಪ್ಯೂಟರಿನ ಮೇಲೆ ಉದುರುತ್ತಿತ್ತು. ಹಾಗಾಗಿ ದರ್ಜಿಗೆ ಹೇಳಿ ಹೊದಿಕೆಯೊಂದನ್ನು ಹೊಲಿಸಿದೆ. ಮೇಲೆ ಕಡುಗೆಂಪು ವೆಲ್ವೆಟ್ಟು, ಒಳಗೆ ರೆಕ್ಸಿನ್, ಅಂಚಿಗೆ ಜರಿ. ಪ್ರತಿ ಸಂಜೆ ಓಡುತ್ತಿರುವ ಕಂಪ್ಯೂಟರಿಗೆ ಅದನ್ನು ಸುತ್ತಲೂ ಹೊದಿಸಿ, ಅಂಚುಗಳನ್ನು ಕೆಳಗೆ ಸಿಕ್ಕಿಸಿ, ಮಗುವನ್ನು ಮಲಗಿಸಿದ ನೆಮ್ಮದಿಯಲ್ಲಿ ಮನೆಗೆ ಹೋಗುತ್ತಿದ್ದೆ.

ಹೊದಿಕೆ ಬಂದ ವಾರವೇ ಕಿಬ್ಬನಹಳ್ಳಿಯ ಮದುವೆಯೊಂದು ಕೈಕೊಟ್ಟಿತು. ಬೆಳಿಗ್ಗೆ ಬಂದರೆ ಕಂಪ್ಯೂಟರು ಆರಿತ್ತು. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಅಷ್ಟೆ. ಮೂರು ಸಲವೂ ಮದುವೆ ಧಾರೆಗೆ ಮೊದಲೇ ನಿಂತಿತ್ತು. ಪಕ್ಕದ ಬೇಕರಿಯವರನ್ನು ಕೇಳಿದರೆ ರಾತ್ರಿ ಕರೆಂಟು ಹೋಗಿಯೇ ಇಲ್ಲವೆಂದರು. ವೈರಸ್ಸು ಹುಡುಕಿದೆ, ಎಲ್ಲ ಅಳಿಸಿ ಹೊಸದಾಗಿ ತುಂಬಿದೆ. ಹಗಲೆಲ್ಲ ನೆಟ್ಟಗಿರುತ್ತಿದ್ದ ಕಂಪ್ಯೂಟರು ರಾತ್ರಿ ಮಾತ್ರ ಆರುತ್ತಿತ್ತು. ಹಗಲಿಗೂ ರಾತ್ರಿಗೂ ಇದ್ದ ವ್ಯತ್ಯಾಸ ಕೆಂಪಗೆ, ಜರಿಯಂಚಿನೊಂದಿಗೆ ಕಣ್ಣೆದುರಿಗೇ ಮಡಚಿಟ್ಟಿತ್ತು. ನನಗೆ ಕಾಣಿಸಿದ್ದು ಕೆಂಪಮ್ಮ.

ಕೆಂಪಮ್ಮ ಬೆಳಿಗ್ಗೆ ಆರಕ್ಕೇ ಬಂದು ತಮ್ಮಲ್ಲಿದ್ದ ಬೀಗದ ಕೈಯಿಂದ ಅಂಗಡಿ ತೆಗೆದು ಗುಡಿಸಿ, ಆಮೇಲೆ ಕೊಬ್ಬರಿ ಮಂಡಿಗೆ ಚಿಪ್ಪು ಒಡೆಯಲು ಹೋಗುತ್ತಿದ್ದರು. ಸುಮ್ಮನೆ ಉರಿಯುವ ಬಲ್ಬು ಕಂಡರೆ ಆರಿಸದೆ ಬಿಡುತ್ತಿರಲಿಲ್ಲ. ನನಗೆ ಅಷ್ಟು ಸಾಕಾಯಿತು. ನಾಲ್ಕನೆಯ ಬೆಳಿಗ್ಗೆ ಬೇಗ ಹೋಗಿ, ಗುಡಿಸುತ್ತಿದ್ದವರನ್ನು ನಿಲ್ಲಿಸಿ ಕೇಳಿದೆ.

"ಕೆಂಪಮ್ಮ, ಕಂಪ್ಯೂಟರ್ ಮುಟ್ಟಿದ್ಯಾ ನೀನು?"

"ಸ್ವಿಚ್ಚು ಮುಟ್ಟಿಲ್ಲ ಕಣಪ್ಪ. ಬಟ್ಟೆ ತಗ್ದೆ ಅಷ್ಟೆ. ಒಳಗೆ ಇನ್ನೂ ಬೆಚ್ಚಗಿತ್ತು. ಅಟ್ಟದ ಮ್ಯಾಲಿನ ಕಾಯಿಗೇ ಗಾಳಿ ಬೇಕು, ಗೋಣಿ ಹೊದ್ಸಿದ್ರೆ ಬೆವ್ತು ಕೊಳೀತವೆ. ಇದ್ಕೆ ಬ್ಯಾಡ್ವಾ?"

ರೋಗ, ಕಾರಣ, ಔಷಧಿ ಮೂರೂ ಆ ಮಾತಿನಲ್ಲಿದ್ದವು. ನನಗೆ ಕೇಳಿಸಿದ್ದು "ಬಟ್ಟೆ ತಗ್ದೆ" ಅನ್ನುವುದೊಂದೇ. "ಮುಟ್ಟಿದೀನಿ ಅಂತ ನೀನೇ ಒಪ್ಕೊಂಡಂಗಾಯ್ತಲ್ಲ. ಬೀಗದ ಕೈ ಇಟ್ಟು ಹೋಗು" ಅಂದೆ, ಬೇಕರಿಯ ಮುಂದೆ ನಿಂತವರಿಗೆಲ್ಲ ಕೇಳಿಸುವ ಹಾಗೆ. ಕೆಂಪಮ್ಮ ಸೆರಗಿನ ಗಂಟು ಬಿಚ್ಚಿ ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಪೊರಕೆಯನ್ನು ಮೂಲೆಯಲ್ಲಿ ಅದರ ಜಾಗಕ್ಕೇ ಇಟ್ಟು ಹೋದರು.

ಅವತ್ತು ರಾತ್ರಿಯೂ ಕಂಪ್ಯೂಟರು ಆರಿತು. ಕೊನೆಗೆ ತುಮಕೂರಿನಿಂದ ರಿಪೇರಿಯವರನ್ನು ಕರೆಸಿದೆ. ಅವರು ವೆಲ್ವೆಟ್ಟನ್ನು ಎತ್ತಿ ನೋಡಿ ನಕ್ಕರು. "ಯಾರ್ ಸಾರ್ ಇದಕ್ಕೆ ಕಂಬಳಿ ಹೊದ್ಸಿದ್ದು? ಬಿಸಿಗಾಳಿ ಹೊರಗೆ ಹೋಗ್ದೆ ತಾನೇ ಆಫ್ ಆಗ್ತೈತೆ."

"ಕೆಲಸದವಳು ಸಾರ್" ಅಂದೆ.

ಆ ಎರಡು ಪದಗಳನ್ನು ಇವತ್ತಿಗೂ ನುಂಗಿಕೊಳ್ಳಲಾಗಿಲ್ಲ. ಕೆಲಸ ಬಿಡಿಸಿದ್ದು ದಡ್ಡತನ ಅನ್ನೋಣ. ಇದಕ್ಕೆ ಏನನ್ನೋಣ, ನೀವೇ ಹೇಳಿ. ಕೆಂಪಮ್ಮ ಕಂಪ್ಯೂಟರು ಕೆಡಿಸಿದರಂತೆ ಅನ್ನುವ ಸುದ್ದಿ ಬೇಕರಿಯಿಂದ ಮಂಡಿಗೂ ಹೋಯಿತು. ಅಲ್ಲವೆನ್ನಲು ನಾನು ಬಾಯಿ ತೆರೆಯಲಿಲ್ಲ. ಬೀದಿಯಲ್ಲಿ ಅವರು ಎದುರಾದರೆ ದಾರಿ ಬದಲಿಸುತ್ತಿದ್ದೆ. ಕಲಾವಿದನ ಮರ್ಯಾದೆ ನೋಡಿ.

ಹೆಂಡತಿಯ ಆ ಮಾತಿನ ಮೇಲೆ ಮನೆಯಲ್ಲಿ ಕೂರಲಾಗಲಿಲ್ಲ. ಭಾನುವಾರ ಕೆಂಪಮ್ಮ ಎಲ್ಲಿದ್ದಾರೆಂದು ವಿಚಾರಿಸಿಕೊಂಡು ನೊಣವಿನಕೆರೆ ಬಸ್ಸು ಹತ್ತಿದೆ. ಕೆಂಪಮ್ಮ ಮಗಳ ಮನೆಯ ಜಗಲಿಯಲ್ಲಿ ಕೂತಿದ್ದರು. ಗುರುತು ಹಿಡಿದು, "ಬಾರಪ್ಪ, ಕೂತ್ಕೊ" ಅಂದರು. ಕೂತೆ. ಪಕ್ಕದಲ್ಲಿದ್ದ ಮಗಳ ಫೋನು ಹೊಡೆದುಕೊಂಡಿತು. ಅವರು ಅದನ್ನು ಸೆರಗಿನ ತುದಿಯಿಂದ ನನ್ನ ಕಡೆ ತಳ್ಳಿದರು.

"ನೀನೇ ತಗೊಂಡು ಮಾತಾಡಪ್ಪ. ನಾನು ಮುಟ್ಟಕಿಲ್ಲ. ನನ್ನ ಕೈ ತಗುಲಿದ್ರೆ ಮಿಷನ್ನು ನಿಂತೋಯ್ತವೆ. ನಿಂದೂ ಹಂಗೇ ಆಯ್ತಲ್ಲ."

ಹಾಸ್ಯಕ್ಕೆ ಹೇಳಿದ್ದಲ್ಲ. ನನ್ನ ಸುಳ್ಳನ್ನು ಊರು ನಂಬಿದ್ದು ನನಗೆ ಗೊತ್ತಿತ್ತು. ಅವರೂ ನಂಬಿದ್ದರು.

ಎಲ್ಲ ಹೇಳಿದೆ. ವೆಲ್ವೆಟ್ಟು, ರಿಪೇರಿಯವರು, ಕೊನೆಗೆ ಆ ಎರಡು ಪದ. ಕೆಂಪಮ್ಮ ಕೊನೆಯವರೆಗೂ ಕೇಳಿದರು. ಆಮೇಲೆ, "ಅವತ್ತೇ ಹೇಳಿದ್ನಲ್ಲಪ್ಪ, ಗಾಳಿ ಬೇಕು ಅಂತ" ಅಂದರು.

ಫೋನು ಮತ್ತೆ ಹೊಡೆದುಕೊಂಡಿತು. ಅವರು ಕೈ ಚಾಚಿದರು. ಬೆರಳು ಅರ್ಧದಲ್ಲೇ ನಿಂತು ಮಡಿಲಿಗೆ ವಾಪಸು ಬಂತು.

"ಬುಡು, ಅಭ್ಯಾಸ ತಪ್ಪೋಗೈತೆ" ಅಂದರು.

ನಾವಿಬ್ಬರೂ ಅದನ್ನೇ ನೋಡುತ್ತ ಕೂತೆವು. ಫೋನು ಅಷ್ಟು ಹೊತ್ತು ಹೊಡೆದುಕೊಂಡು, ಯಾರೂ ಮುಟ್ಟದೆ, ತಾನಾಗಿಯೇ ನಿಂತಿತು.