ಬೆಳ್ಳಗಾಗದ ಟಿವಿ

ಟಿವಿ ಕೆಟ್ಟೈತೆ ಅಂತ ಕೊಂಡ್ಲಹಳ್ಳಿಯ ಒಂದು ಮನೆಯವರು ರಿಪೇರಿ ಮಾಡೋ ನನಗೆ ಹೇಳಿಕಳಿಸಿದ್ದರು. ಹೋಗಿ ನೋಡಿದರೆ ಹಳೇ ಕಪ್ಪು-ಬಿಳುಪು ಟಿವಿ. ಚಿತ್ರ, ಸೌಂಡು ಎರಡೂ ಸರಿಯಾಗೇ ಇದ್ದವು.

“ನಂಗೇನು ಗೊತ್ತಿಲ್ರಿ, ಇವಳ್ನೇ ಕೇಳ್ರಿ” ಅಂತ ಅವ್ವ ಮಗಳನ್ನು ಮುಂದೆ ತಳ್ಳಿದಳು. ಹುಡುಗಿ ಐದನೇ ಕ್ಲಾಸು.

“ಕ್ರೀಮಿನ ಅಡ್ವಟೈಸ್‌ನಾಗೆ ಆ ಅಕ್ಕ ಬೆಳ್ಳಗಾಗೋದೇ ಇಲ್ಲಣ್ಣ. ಹಚ್ಚಿದ ಮೇಲೂ ಹಂಗೇ ಇರ್ತಾಳೆ. ಚಳ್ಳಕೆರೆ ಅತ್ತೆ ಮನೆ ಕಲರ್ ಟಿವಿಯಾಗೆ ಚೆಂದ ಬೆಳ್ಳಗಾಗ್ತಾಳೆ.” ಆಮೇಲೆ ದನಿ ತಗ್ಗಿಸಿ, “ನಾನೂ ಒಂದು ತಿಂಗ್ಳಿಂದ ಹಚ್ತಿದೀನಿ” ಅಂದಳು.

ಅಡ್ವಟೈಸು ಬರೋತನಕ ಕಾದು ಕೂತೆ. ಬಂದಾಗ ಬ್ರೈಟ್‌ನೆಸ್ ತಿರುಪನ್ನು ಮೊದಲು ಇಳಿಸಿ, ಆಕೆ ಕ್ರೀಮು ಹಚ್ಚುತ್ತಿದ್ದಂತೆ ಮೆಲ್ಲಗೆ ಏರಿಸಿದೆ. ಮುಖ ಸುಣ್ಣ ಹೊಡೆದ ಗೋಡೆಯಂತೆ ಬೆಳ್ಳಗಾಯಿತು.

“ಸರಿಯಾಯ್ತು ನೋಡವ್ವ” ಅಂದೆ.

ಹುಡುಗಿ ಟಿವಿ ನೋಡುತ್ತಲೇ ಇರಲಿಲ್ಲ. ನನ್ನ ಕೈ ನೋಡುತ್ತಿದ್ದಳು.

“ಅಣ್ಣ, ಅಡ್ವಟೈಸ್ ಮಾಡೋ ಕಡೆನೂ ಯಾರಾದ್ರೂ ಹಿಂಗೇ ತಿರುವ್ತಾರಾ?”

ನಾನು ಸ್ಕ್ರೂಡ್ರೈವರ್ ಚೀಲಕ್ಕೆ ಹಾಕಿಕೊಂಡು ಎದ್ದೆ. ಆವತ್ತು ಬೆಳಿಗ್ಗೆ ನಾನೂ ಅದೇ ಕ್ರೀಮು ಹಚ್ಚಿಕೊಂಡು ಬಂದಿದ್ದೆ. ಅದೂ ಒಂದು ತಿಂಗಳಿಂದಲ್ಲ, ಎರಡು ವರ್ಷದಿಂದ.