ನಸೀಮಾ ಸಿಸ್ಟರ್ ಸನ್ಮಾನಕ್ಕೆ ನಾನು ಹೋದದ್ದು

ಮೈಕು ಕೈಕೊಡಬಹುದಿತ್ತು. ಮುಖ್ಯ ಅತಿಥಿಗಳು ಮುಳಬಾಗಿಲಿನಲ್ಲಿ ದೋಸೆಗೆಂದು ಕಾರು ನಿಲ್ಲಿಸಿ ಒಂದು ಗಂಟೆ ತಡವಾಗಿ ಬರಬಹುದಿತ್ತು. (ಆ ಊರಿನಲ್ಲಿ ದೋಸೆಗೆ ನಿಲ್ಲದೆ ಬಂದವರನ್ನು ನಾನಂತೂ ನೋಡಿಲ್ಲ.) ಮಾಲೂರಿನಿಂದ ಬರಬೇಕಿದ್ದ ಗುಲಾಬಿ ಹಾರ ಬಾಡಿರಬಹುದಿತ್ತು. ಶಾಲು ಕಾರಿನಲ್ಲಿ ಉಳಿದು, ಕಾರಿನ ಕೀ ಡ್ರೈವರ್ ಜೇಬಿನಲ್ಲಿ ಉಳಿದು, ಡ್ರೈವರ್ ಟೀ ಕುಡಿಯಲು ಹೋಗಿರಬಹುದಿತ್ತು. ಬ್ಯಾನರಿನಲ್ಲಿ ‘ಮಧುಮೇಹ’ ಎಂಬುದು ‘ಮಧುಮೋಹ’ ಎಂದು ಅಚ್ಚಾಗಿರಬಹುದಿತ್ತು. ಸಕ್ಕರೆ ಕಾಯಿಲೆಯ ಕಾರ್ಯಕ್ರಮದಲ್ಲಿ ಯಾರೋ ಪುಣ್ಯಾತ್ಮರು ಮೈಸೂರು ಪಾಕ್ ಹಂಚಿ, ಅದರ ಫೋಟೊ ಸಂಜೆಯೊಳಗೆ ಜಿಲ್ಲೆಯ ಎಲ್ಲ ವಾಟ್ಸಾಪ್ ಗ್ರೂಪುಗಳಲ್ಲೂ ಓಡಾಡಬಹುದಿತ್ತು. ಅಭಿನಂದನಾ ಪತ್ರ ಓದಬೇಕಾದ ಮನುಷ್ಯನಿಗೆ ಶುಗರ್ ಲೋ ಆಗಿ ಆತ ಮುಖ್ಯ ಅತಿಥಿಯ ತೊಡೆಯ ಮೇಲೆ ಬೀಳಬಹುದಿತ್ತು.

ಆ ಮನುಷ್ಯ ನಾನೇ.

“ಇಷ್ಟೂ ಒಂದೇ ದಿನ ಆಗತ್ತಾ?” ಎಂದು ಕೇಳಿದಳು ಹೆಂಡತಿ ಸರೋಜ.

“ಒಂದೊಂದೇ ಆದರೂ ಸಾಕಲ್ಲ.”

“ಆಗ್ಲಿ ಬಿಡಿ. ನಿಮಗೂ ಒಂದು ಅಂಕಣ ಸಿಗತ್ತೆ.”

ಕಳೆದ ಭಾನುವಾರ ಕೋಲಾರದಲ್ಲಿ, ಸಕ್ಕರೆ ಕಾಯಿಲೆಯ ಚಿಕಿತ್ಸೆಯಲ್ಲೂ ತಿಳಿವಳಿಕೆ ಹಂಚುವುದರಲ್ಲೂ ಒಳ್ಳೆಯ ಕೆಲಸ ಮಾಡಿದವರಿಗೆ ಜಿಲ್ಲೆಯ ಕೆಲವು ಡಾಕ್ಟರುಗಳು ಸೇರಿ ಸನ್ಮಾನ ಇಟ್ಟುಕೊಂಡಿದ್ದರು. ಅದರಲ್ಲಿ ನಮ್ಮ ಶ್ರೀನಿವಾಸಪುರದ ನಸೀಮಾ ಸಿಸ್ಟರ್ ಕೂಡ ಒಬ್ಬರು. ಇಲ್ಲಿನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ನರ್ಸ್. ಮನೆಯಲ್ಲಿ ಉರ್ದು, ಮಾವಿನ ಮಂಡಿಯ ವ್ಯಾಪಾರಿಗಳೊಂದಿಗೆ ತೆಲುಗು, ನನ್ನಂಥ ಮೇಷ್ಟ್ರುಗಳೊಂದಿಗೆ ಕನ್ನಡ. ಗದರುವುದು ಮೂರರಲ್ಲೂ. ಅವರ ಬಗ್ಗೆ ಒಂದು ಪುಟ ಬರೆದು ಓದುವ ಕೆಲಸ ನನಗೆ ಬಂತು. ಪತ್ರಿಕೆಗೆ ಬರೆಯುವವನು ಅಂತ. ಜೊತೆಗೆ ಹನ್ನೊಂದು ವರ್ಷದ ಶುಗರ್ ಪೇಷೆಂಟ್ ಅಂತ.

ಪೇಷೆಂಟ್ ನಿಜ. ಒಳ್ಳೆಯ ಪೇಷೆಂಟ್ ಅಲ್ಲ. ಎರಡು ವರ್ಷದಿಂದ ಸಿಸ್ಟರ್ ನನಗೆ ಒಂದೇ ಮಾತು ಹೇಳುತ್ತಿದ್ದಾರೆ: “ಮೇಷ್ಟ್ರೇ, ಕಾಲಿನ ಟೆಸ್ಟ್ ಮಾಡಿಸ್ಕೊಳ್ಳಿ.” ಏನೂ ಕಷ್ಟವಿಲ್ಲ. ಕಣ್ಣು ಮುಚ್ಚಿ ಕೂರಬೇಕು. ಅವರು ಒಂದು ಸಣ್ಣ ನೈಲಾನ್ ಎಳೆಯನ್ನು ಪಾದಕ್ಕೆ ಅಲ್ಲಲ್ಲಿ ತಾಗಿಸುತ್ತಾರೆ. ತಾಗಿದಾಗಲೆಲ್ಲ ‘ಹೂಂ’ ಅನ್ನಬೇಕು. ಅಷ್ಟೇ.

ಅಷ್ಟೇ ಎಂಬುದೇ ನನ್ನ ಭಯ. ‘ಹೂಂ’ ಅನ್ನಲು ಏನೂ ಗೊತ್ತಾಗದಿದ್ದರೆ? ನಮ್ಮ ದೊಡ್ಡಪ್ಪನಿಗೆ ಮೊದಲು ಹೋದದ್ದು ಒಂದು ಬೆರಳು. ಆಮೇಲೆ ಅರ್ಧ ಪಾದ. ಆಮೇಲೆ ಅವರು ಹಜಾರದ ಮಂಚ ಬಿಟ್ಟು ಏಳಲಿಲ್ಲ. ಹಾಗಾಗಿ ನಾನು ಪೇಪರ್ ವ್ಯಾಲ್ಯುಯೇಶನ್, ನಾದಿನಿಯ ಮಗಳ ಮದುವೆ, ಎಲೆಕ್ಷನ್ ಡ್ಯೂಟಿ ಎಂದೆಲ್ಲ ಹೇಳಿ ಎರಡು ವರ್ಷ ತಳ್ಳಿದ್ದೆ. ಮುಂದೆ ಬರಬಹುದಾದ ನೂರು ಕಷ್ಟಕ್ಕೆ ಇವತ್ತೇ ನಿದ್ದೆಗೆಡುವ ನಾನು, ಕಾಲ ಕೆಳಗಿನದ್ದನ್ನು ಮಾತ್ರ ನಾಳೆಗೆ ಬಿಡುತ್ತೇನೆ. ನೀವೂ ಹಾಗೇನಾ?

ಇರಲಿ. ಅಂತೂ ಭಾನುವಾರದ ನನ್ನ ಅಸಲಿ ಆತಂಕ ಮೈಕಿನದ್ದಲ್ಲ. ಸಿಸ್ಟರ್ ಎಲ್ಲರೆದುರು ಕೇಳಿಬಿಟ್ಟರೆ ಎಂಬುದು.

ಬೆಳಿಗ್ಗೆ ಬೇಗನೆ ಹೊರಟೆ. ರಸ್ತೆ ಅಗೆದು ಜಲ್ಲಿ ಸುರಿದಿದ್ದ ಕಡೆ ಆಟೊ ಬರುವುದಿಲ್ಲವೆಂದಿತು. ಬಸ್‌ಸ್ಟ್ಯಾಂಡಿನ ತನಕ ನಡೆದೆ. ಕೋಲಾರದಲ್ಲಿ ಇಳಿದು ಹಾಲ್ ತನಕ ಮತ್ತೆ ನಡೆದೆ. ವಾಕಿಂಗ್ ಆಯಿತು ಎಂದು ಹೆಮ್ಮೆಯೂ ಪಟ್ಟೆ.

ದೀಪ ಹಚ್ಚುವಾಗ ವೇದಿಕೆಯ ಮೇಲಿದ್ದವರೆಲ್ಲ ಚಪ್ಪಲಿ, ಶೂ ಕಳಚಿದೆವು. ದೀಪ ಹತ್ತಿತು. ಆಮೇಲೆ ನಾನು ಸಾಕ್ಸಿನಲ್ಲೇ ನಿಂತು ನನ್ನ ಪುಟ ಓದಿದೆ.

ಓದಿದ್ದರಲ್ಲಿ ಮುಖ್ಯವಾದದ್ದು ‘ಕಾಯಿ’ಯ ಕಥೆ. ನಮ್ಮೂರಿನಲ್ಲಿ ಮಾವಿನ ಕಾಲದಲ್ಲಿ ಮಂಡಿಯವರ ಶುಗರ್ ಏರುತ್ತದೆ. ಹಣ್ಣು ತಿಂದಿರಾ ಎಂದರೆ ಎಲ್ಲರದ್ದೂ ಒಂದೇ ಉತ್ತರ, ಇಲ್ಲ. ಡಾಕ್ಟರ್ ಮಾತ್ರೆ ಹೆಚ್ಚಿಸುತ್ತಿದ್ದರು. ಒಂದು ದಿನ ಸಿಸ್ಟರ್ ವೆಂಕಟರಾಮಪ್ಪ ಎಂಬ ಮಂಡಿ ವ್ಯಾಪಾರಿಯನ್ನು ಕೂರಿಸಿಕೊಂಡರು.

“ಅಣ್ಣಾ, ನಿಜ ಹೇಳು. ಹಣ್ಣು ತಿಂದ್ಯಾ?”

“ಲೇದಮ್ಮಾ. ದೇವರಾಣೆ ಹಣ್ಣು ಮುಟ್ಟಿಲ್ಲ.”

“ಮತ್ತೆ ಬೆಳಿಗ್ಗೆಯಿಂದ ಏನು ತಿಂದೆ?”

“ಏನಿಲ್ಲ. ರುಚಿ ನೋಡೋಕೆ ಎರಡು ಕಾಯಿ.”

“ಎಂಥಾ ಕಾಯಿ?”

“ಬಾದಾಮಿ ಕಾಯಿ. ಚೆನ್ನಾಗಿ ಮಾಗಿತ್ತು.”

ಮಂಡಿಯ ಭಾಷೆಯಲ್ಲಿ ಮರದಿಂದ ಇಳಿದದ್ದೆಲ್ಲ ಕಾಯಿ. ಹಳದಿಯಾಗಲಿ, ರಸ ಮೊಳಕೈ ತನಕ ಇಳಿಯಲಿ, ಅದು ಕಾಯಿಯೇ. ಹಣ್ಣು ಅಂದರೆ ಅವರಿಗೆ ಬಾಳೆಹಣ್ಣು, ಸೇಬು. ಯಾರೂ ಸುಳ್ಳು ಹೇಳಿರಲಿಲ್ಲ. ಕೇಳುವವರಿಗೆ ಕೇಳಲು ಬಂದಿರಲಿಲ್ಲ. ಸಿಸ್ಟರ್ ಆ ಸೀಸನ್ ಪೂರ್ತಿ ಒಂದು ನೋಟ್‌ಬುಕ್ ಹಿಡಿದು ‘ಹಣ್ಣು ಎಷ್ಟು? ಕಾಯಿ ಎಷ್ಟು?’ ಎಂದು ಬೇರೆಬೇರೆಯಾಗಿ ಕೇಳಿ ಬರೆದುಕೊಂಡರು. ‘ತಿನ್ನಬೇಡ’ ಅನ್ನಲಿಲ್ಲ (ಮಂಡಿಯಲ್ಲಿ ಕೂತವನಿಗೆ ಹಾಗೆ ಹೇಳಿದರೆ ಕೇಳುವವರಾರು?). ಎರಡು ಹೋಳು, ಊಟದ ಜೊತೆ ಬೇಡ, ರುಚಿ ನೋಡೋದನ್ನ ತಮ್ಮನಿಗೆ ಬಿಡು ಅಂದರು. ಡಾಕ್ಟರ್ ಅದನ್ನು ಓದಿ ಕೆಲವರ ಮಾತ್ರೆ ಇಳಿಸಿದರು. ಸಂಶೋಧನೆ ಅಂದರೆ ದೊಡ್ಡ ಮಷೀನು ಎಂದುಕೊಂಡಿದ್ದೆ. ಒಂದು ಪದವನ್ನು ಸರಿಯಾಗಿ ಕೇಳಿಸಿಕೊಳ್ಳುವುದೂ ಸಂಶೋಧನೆಯೇ.

ಸಭೆ ನಕ್ಕಿತು, ಚಪ್ಪಾಳೆ ತಟ್ಟಿತು. ಸಿಸ್ಟರ್ ಮೈಕಿನಲ್ಲಿ ಎರಡೇ ಮಾತು ಆಡಿ ಕೂತರು. ನನ್ನ ಹೆಸರು ಬರಲಿಲ್ಲ. ಗೆದ್ದೆ ಎಂದುಕೊಂಡೆ.

ಎಲ್ಲ ಮುಗಿದ ಮೇಲೆ ವೇದಿಕೆಯ ಪಕ್ಕ ಕುರ್ಚಿ ಎಳೆದುಕೊಂಡು ಶೂ ಹಾಕಿಕೊಳ್ಳಲು ಬಗ್ಗಿದೆ.

“ಮೇಷ್ಟ್ರೇ, ಕೊಡವಿ ಹಾಕ್ಕೊಳ್ಳಿ,” ಎಂಬ ದನಿ ಹಿಂದಿನಿಂದ ಬಂತು. ಎಲ್ಲ ಪೇಷೆಂಟ್‌ಗಳಿಗೂ ಅವರು ಹೇಳುವ ಮಾತೇ. ಕೊಡವಿದೆ. ಎಡಗಾಲಿನ ಶೂನಿಂದ ಜಲ್ಲಿಯ ಒಂದು ಚೂರು ನೆಲಕ್ಕೆ ಬಿತ್ತು. ಅವರೆಕಾಳಿನಷ್ಟು.

ಸಿಸ್ಟರ್ ಕಲ್ಲು ನೋಡಿದರು. ನನ್ನ ಕಾಲು ನೋಡಿದರು. “ಸಾಕ್ಸ್ ತೆಗೀರಿ.”

“ಮನೇಲಿ ನೋಡ್ಕೋತೀನಿ ಸಿಸ್ಟರ್.”

“ತೆಗೀರಿ ಅಂದೆ.”

ಕಪ್ಪು ಸಾಕ್ಸು ಪಾದಕ್ಕೆ ಅಂಟಿಕೊಂಡಿತ್ತು. ಹೆಬ್ಬೆರಳಿನ ಬುಡದಲ್ಲಿ ಚರ್ಮ ಕಿತ್ತು ರಕ್ತ ಬಂದಿತ್ತು. ಕೊರಳಲ್ಲಿ ಗುಲಾಬಿ ಹಾರ, ಹೆಗಲ ಮೇಲೆ ಶಾಲು ಇದ್ದ ಹಾಗೆಯೇ ಅವರು ನೆಲದ ಮೇಲೆ ಕೂತು ನನ್ನ ಪಾದವನ್ನು ತಮ್ಮ ಅಂಗೈಗೆ ತೆಗೆದುಕೊಂಡರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ.

“ಯಾವಾಗ ಹೊಕ್ಕಿತು ಇದು?”

“ಬೆಳಿಗ್ಗೆ ಇರಬೇಕು. ಬಸ್‌ಸ್ಟ್ಯಾಂಡಿಗೆ ನಡೆದು ಬಂದಾಗ.”

“ಅಲ್ಲಿಂದ ಇಲ್ಲೀತನಕ ಇದರ ಮೇಲೇ ನಡೆದ್ರಾ?”

ಅವರು ಗದರಲಿಲ್ಲ. ಯಾವ ಭಾಷೆಯಲ್ಲೂ. ಅದು ನನ್ನನ್ನು ಇನ್ನೂ ಹೆದರಿಸಿತು.

“ದಾರದ ಟೆಸ್ಟು ಇನ್ನೇನು ಮಾಡ್ಲಿ ಮೇಷ್ಟ್ರೇ,” ಎಂದರು ಮೆಲ್ಲಗೆ. “ಕಲ್ಲೇ ಮಾಡ್ಬಿಟ್ಟಿದೆ.”

ಸೋಮವಾರ ರಜೆ ಹಾಕಿ ಕ್ಲಿನಿಕ್‌ಗೆ ಹೋದೆ. ಈಗ ದಿನ ಬಿಟ್ಟು ದಿನ ಡ್ರೆಸ್ಸಿಂಗ್. ಬೇಗ ನೋಡಿದ್ದರಿಂದ ಬೆರಳಿಗೆ ಅಪಾಯವಿಲ್ಲ ಎಂದಿದ್ದಾರೆ, ಹುಷಾರಾಗಿದ್ದರೆ. ಬ್ಯಾಂಡೇಜು ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಕಾರ್ಯಕ್ರಮ ಹೇಗಾಯಿತು ಎಂದು ಕೇಳಿದವರಿಗೆಲ್ಲ ಚೆನ್ನಾಗಾಯಿತು ಎನ್ನುತ್ತೇನೆ. ಸುಳ್ಳಲ್ಲ.

ಕೆಟ್ಟದ್ದು ಒಂದೇ: ನೋವಾಗಬೇಕಿತ್ತು, ಆಗಲಿಲ್ಲ.